ಬೋಂಡ ಅಲ್ಲ ಸಾರ್, ಮಳೆ

"ಯಾರ ಮನೇಲೋ ಬೋಂಡ ಕರೀತಿದ್ದಾರೆ ಅನ್ಸುತ್ತೆ, ಸ್ವಲ್ಪ ಮ್ಯೂಟ್ ಮಾಡ್ಕೊಳ್ಳಿ ಪ್ಲೀಸ್" ಅಂದರು ನಮ್ಮ ಮ್ಯಾನೇಜರು. ಹನ್ನೊಂದು ಜನ ಇದ್ದ ಆನ್‌ಲೈನ್ ಮೀಟಿಂಗು. ಹತ್ತು ಜನ ಆಗಲೇ ಮ್ಯೂಟಲ್ಲಿದ್ದರು. ಉಳಿದವನು ನಾನು. ಮಾತಾಡುತ್ತಿದ್ದವನೂ ನಾನೇ.

ಬೋಂಡ ಅಲ್ಲ, ಮಳೆ. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ ಸಿಗುವ ಒಂದು ಊರು ನಮ್ಮದು. ಹಳೇ ಹಂಚಿನ ಮನೆಗೆ ಆಮೇಲೆ ಜೋಡಿಸಿದ ಒಂದು ರೂಮಿದೆ, ಅದಕ್ಕೆ ತಗಡಿನ ಮಾಡು. ಇಂಟರ್ನೆಟ್ ಕೇಬಲ್ಲು ಅಲ್ಲಿಗೇ ಬಂದಿರುವುದರಿಂದ ನನ್ನ ಆಫೀಸೂ ಅಲ್ಲೇ. ಜುಲೈ ತಿಂಗಳ ಮಳೆ ಆ ತಗಡಿನ ಮೇಲೆ ಬಿದ್ದು, ಅದು ಮೈಕಿನೊಳಗೆ ಹೋಗಿ, ಬೆಂಗಳೂರಿನಲ್ಲಿ ಹೊರಗೆ ಬರುವಾಗ ಥೇಟ್ ಎಣ್ಣೆಗೆ ಹಿಟ್ಟು ಬಿಟ್ಟ ಸದ್ದು.

ನಾಚಿಕೆಯಾಗಿದ್ದು ಅದಕ್ಕಲ್ಲ. ಆ ಮಳೆ ಬರುತ್ತಿದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ತಲೆ ಮೇಲೆ ಹದಿನೆಂಟು ಸಾವಿರದ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನು. ಬೋನಸ್ ಬಂದ ವಾರವೇ ತರಿಸಿದ್ದು. ಒಳಗೆ ಗರ್ಭಗುಡಿಯ ಹಾಗೆ ನಿಶ್ಶಬ್ದ. ಬರೀ ನನಗೆ.

ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ಆ ದುಡ್ಡು ಉಳಿಯುತ್ತಿತ್ತು. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿರುವ ಆಕ್ಟಿವ್ ನಾಯ್ಸ್ ಕ್ಯಾನ್ಸಲಿಂಗ್ ಅಥವಾ ಎಎನ್‌ಸಿ ನಿಮ್ಮ ಕಿವಿಗೆ ಸಂಬಂಧಪಟ್ಟದ್ದು. ಆ ಕಡೆಯವರ ಕಿವಿಗೂ ಅದಕ್ಕೂ ಏನೇನೂ ಸಂಬಂಧವಿಲ್ಲ. ಹೊರಗಿನ ಸದ್ದನ್ನು ಪುಟ್ಟ ಮೈಕುಗಳು ಹಿಡಿದು, ಅದರ ತಲೆಕೆಳಗಾದ ಅಲೆಯನ್ನು ಸ್ಪೀಕರಿನಿಂದ ಬಿಟ್ಟು, ಎರಡೂ ಒಂದನ್ನೊಂದು ಹೊಡೆದುಹಾಕುವಂತೆ ಮಾಡುವುದು ಅದರ ಕೆಲಸ. 1978ರಲ್ಲಿ ಜ್ಯೂರಿಕ್‌ನಿಂದ ವಿಮಾನದಲ್ಲಿ ವಾಪಸಾಗುತ್ತಿದ್ದ ಬೋಸ್ ಆಡಿಯೋ ಕಂಪನಿ ಕಟ್ಟಿದ ಅಮರ್ ಬೋಸ್‌ಗೆ, ಎಂಜಿನ್ ಮೊರೆತದಲ್ಲಿ ಹೆಡ್‌ಫೋನಿನ ಸಂಗೀತ ಕೇಳಿಸದೆ, ಇಂತಹ ಹೆಡ್‌ಫೋನು ಮಾಡುವ ಯೋಚನೆ ಹೊಳೆಯಿತಂತೆ. ವಿಮಾನದ ಎಂಜಿನ್ನಿನ ಹಾಗೆ ಫ್ಯಾನು, ಏಸಿ, ಬಸ್ಸಿನ ಎಂಜಿನ್ನು, ಈ ತರಹ ಒಂದೇ ಸಮ ಗುಂಯ್‌ಗುಡುವ ತಗ್ಗು ಸದ್ದೆಂದರೆ ಅದಕ್ಕೆ ಸಲೀಸು. ಕುಕ್ಕರಿನ ವಿಷಲ್ಲು, ನಾಯಿ ಬೊಗಳುವುದು, ಪಕ್ಕದಲ್ಲಿ ಯಾರೋ ಮಾತಾಡುವುದು ಅಷ್ಟು ಸುಲಭವಾಗಿ ಹೋಗುವುದಿಲ್ಲ. ಅವನ್ನು ತಡೆಯುವುದು ಹೆಚ್ಚಾಗಿ ಕಿವಿ ಮುಚ್ಚುವ ಮೆತ್ತೆ.

ಮೈಕಿಗೆ ಹೋಗುವ ಗದ್ದಲ ಕಡಿಮೆ ಮಾಡುವುದಕ್ಕೆ ನಮ್ಮ ಕಡೆ ಡಬ್ಬಗಳ ಮೇಲೆ ಇಎನ್‌ಸಿ ಅಂತ ಬೇರೆಯೇ ಹೆಸರಿರುತ್ತದೆ. ಎರಡೂ ಓದುವಾಗ ಒಂದೇ ತರ. ನಾನು ಓದಿದ್ದೂ ಹಾಗೇ.

ಇಎನ್‌ಸಿ ಇದ್ದರೂ ಮೈಕು ಎಲ್ಲಿದೆ ಅನ್ನುವುದೇ ದೊಡ್ಡ ವಿಷಯ. ನನ್ನ ಹೆಡ್‌ಫೋನಿನ ಮೈಕುಗಳು ಕಿವಿಯ ಬಟ್ಟಲಿನ ಮೇಲೆ, ಬಾಯಿಂದ ಗೇಣುದ್ದ ದೂರ. ಬಾಯಿಯ ಕಡೆಗೆ ಚಾಚಿಕೊಂಡಿರುವ ಕಡ್ಡಿ ಮೈಕಾದರೆ ತುಟಿಯ ಮೂಲೆಯಿಂದ ಎರಡು ಬೆರಳು ದೂರದಲ್ಲಿ ನಿಲ್ಲುತ್ತದೆ. ಮೈಕಿನ ದೂರ ಅರ್ಧಕ್ಕಿಳಿದಾಗಲೆಲ್ಲ ನಿಮ್ಮ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ. ಮಾಡಿನ ಮೇಲಿನ ಮಳೆ ಮಾತ್ರ ಎರಡು ಕಡೆಗೂ ಅಷ್ಟೇ ದೂರ, ಅದು ಏರುವುದಿಲ್ಲ. ದೂರವನ್ನು ಎರಡು ಸಲ ಅರ್ಧ ಮಾಡಿದರೆ ಮಳೆಗಿಂತ ನಿಮ್ಮ ಮಾತು 12 ಡೆಸಿಬೆಲ್ ಮುಂದೆ. ಇದಕ್ಕೆ ಬ್ಯಾಟರಿ ಬೇಡ, ಸಾಫ್ಟ್‌ವೇರ್ ಬೇಡ. ಒಂದು ಕಡ್ಡಿ ಸಾಕು.

ಇದು ಹಗಲಿನ ಕತೆಯಾಯಿತು. ರಾತ್ರಿ ಹತ್ತರ ಮೇಲೆ ನಮ್ಮದು ಬೇರೆ ಡ್ಯೂಟಿ. ಇಂಜಿನಿಯರಿಂಗ್ ಕಾಲೇಜಿನ ನಾಲ್ಕು ಜನ ಈಗಲೂ ಕೌಂಟರ್ ಸ್ಟ್ರೈಕ್ ಅನ್ನುವ ಗುಂಡಿನ ಆಟ ಆಡುತ್ತೇವೆ. ಮೂವತ್ನಾಲ್ಕಾಯಿತು, ಹೌದು. ಅದೇ ಹೆಡ್‌ಫೋನು ಹಾಕಿಕೊಂಡು ಆಟಕ್ಕೆ ಕೂತ ಮೊದಲ ದಿನ ಹುಬ್ಬಳ್ಳಿಯ ಗೆಳೆಯ ಕೇಳಿದ: "ಲೇ, ಬಾವ್ಯಾಗ ಕುಂತು ಮಾತಾಡಾಕತ್ತೀಯೇನಲೇ?"

ನನಗೂ ಅವನ ದನಿ ಬಾವಿಯಿಂದಲೇ ಬರುತ್ತಿತ್ತು. ಆಟದ ಗುಂಡಿನ ಸದ್ದಂತೂ ಯಾರೋ ಡಬ್ಬದೊಳಗೆ ಕಡಲೆ ಹಾಕಿ ಅಲ್ಲಾಡಿಸಿದ ಹಾಗೆ. ಐದು ನಿಮಿಷ ಮುಂಚೆ ಇದೇ ಹೆಡ್‌ಫೋನಿನಲ್ಲಿ ಹಾಡು ಕೇಳಿದ್ದೆ, ಒಂದೊಂದು ತಂತಿಯೂ ಬಿಡಿಬಿಡಿಯಾಗಿ ಕೇಳಿತ್ತು.

ಹೆಡ್‌ಫೋನು ಕೆಟ್ಟಿದೆ ಅಂತ ವಾಪಸ್ ಕಳಿಸಲು ಹೊರಟಿದ್ದೆ. ಕೆಟ್ಟಿರಲಿಲ್ಲ. ಮಾಮೂಲಿ ಬ್ಲೂಟೂತ್‌ನಲ್ಲಿ ಹಾಡಿಗೊಂದು ದಾರಿ, ಮಾತಿಗೊಂದು ದಾರಿ. ಹಾಡಿನ ದಾರಿ ಅಗಲ, ಆದರೆ ಒನ್ ವೇ. ಮೈಕು ಆನ್ ಆದ ಕೂಡಲೇ ಎರಡೂ ಕಡೆಗೆ ಸದ್ದು ಓಡಾಡಬೇಕಲ್ಲ, ಆಗ ಅದು ಮಾತಿನ ಕಿರುದಾರಿಗೆ ಇಳಿಯುತ್ತದೆ. ಆ ದಾರಿಯಲ್ಲಿ ಸದ್ದನ್ನು ಅಳೆದುಕೊಳ್ಳುವ ಸ್ಯಾಂಪಲ್ಲು ಸೆಕೆಂಡಿಗೆ 8,000, ಸ್ವಲ್ಪ ಹೊಸದಾದರೆ 16,000. ಸಿಡಿಯಲ್ಲಿ ಅದು 44,100. ಎಂಟು ಸಾವಿರ ಅಂದರೆ ಹಳೇ ಲ್ಯಾಂಡ್‌ಲೈನಿನ ಲೆಕ್ಕ. ಅದರ ಮೇಲೆ ಎಡ ಬಲ ಅನ್ನುವುದೂ ಹೋಗಿಬಿಡುತ್ತದೆ. ಎದುರಾಳಿ ಯಾವ ಕಡೆಯಿಂದ ಬರುತ್ತಿದ್ದಾನೆ ಅಂತ ಹೆಜ್ಜೆ ಸದ್ದಿನಲ್ಲೇ ತಿಳಿಯಬೇಕಾದ ಆಟದಲ್ಲಿ ಎಡ ಬಲ ಇಲ್ಲದಿದ್ದರೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಹಾಗೆಯೇ. ವಿಂಡೋಸ್ 10ರ ಸೌಂಡ್ ಪಟ್ಟಿಯಲ್ಲಿ ಒಂದೇ ಹೆಡ್‌ಫೋನು ಎರಡೆರಡು ಸಲ ಕಾಣುತ್ತಿತ್ತಲ್ಲ, ಸ್ಟೀರಿಯೋ ಅಂತೊಂದು, ಹ್ಯಾಂಡ್ಸ್ ಫ್ರೀ ಅಂತೊಂದು, ಅದರ ಗುಟ್ಟು ಇದೇ.

ಎಲ್‌ಇ ಆಡಿಯೋ ಅಂತ ಹೊಸ ಬ್ಲೂಟೂತ್ ವ್ಯವಸ್ಥೆ ಬಂದಿದೆ, ಅದರಲ್ಲಿ ಈ ತಾಪತ್ರಯ ಕಡಿಮೆ. ಆದರೆ ಹೆಡ್‌ಫೋನು, ಕಂಪ್ಯೂಟರು ಎರಡರಲ್ಲೂ ಅದು ಇರಬೇಕು. ನನ್ನ ಎರಡು ಕಂಪ್ಯೂಟರಲ್ಲೂ ಇಲ್ಲ.

ಇನ್ನೊಂದು ತೊಂದರೆ ಲ್ಯಾಗು. ಸಾಧಾರಣ ಬ್ಲೂಟೂತ್‌ನಲ್ಲಿ ಸದ್ದು ಕಿವಿಗೆ ಬರುವಷ್ಟರಲ್ಲಿ ಸೆಕೆಂಡಿನ ಐದನೇ ಒಂದು ಭಾಗ ಕಳೆದಿರುತ್ತದೆ. ಮೀಟಿಂಗಿನಲ್ಲಿ ಯಾರಿಗೂ ತಿಳಿಯುವುದಿಲ್ಲ. ಆಟದಲ್ಲಿ ಮಾತ್ರ ಹೆಜ್ಜೆ ಸದ್ದು ಕೇಳಿ ತಿರುಗುವ ಹೊತ್ತಿಗೆ ನಾನು ಸತ್ತು, ಹುಬ್ಬಳ್ಳಿಯವನು ಬೈಯುತ್ತಿರುತ್ತಾನೆ. ಯುಎಸ್‌ಬಿ ಡಾಂಗಲ್ ಜೊತೆ ಬರುವ 2.4 ಗಿಗಾಹರ್ಟ್ಸ್ ವಯರ್‌ಲೆಸ್ ಹೆಡ್‌ಸೆಟ್ಟುಗಳಲ್ಲಿ ಈ ತಡ ಗೊತ್ತೇ ಆಗದಷ್ಟು ಕಡಿಮೆ. ವಯರಿನದಾದರೆ ಕೇಳುವುದೇ ಬೇಡ.

ಆದ್ದರಿಂದ ಎರಡನೇ ಸಲ 'ಗೇಮಿಂಗ್' ಅಂತಲೇ ಬರೆದಿದ್ದನ್ನು ತರಿಸಿದೆ. ನಾಲ್ಕೂವರೆ ಸಾವಿರ. ಕಿವಿಯ ಎರಡೂ ಬದಿಗೆ ಕೆಂಪು ಹಸಿರು ದೀಪ. ಅದನ್ನು ಹಾಕಿಕೊಂಡು ಜಗಲಿಗೆ ಬಂದವನನ್ನು ನೋಡಿ ಅಮ್ಮ, "ಎಂತ ಮಾರಾಯ ಇದು, ಜಾತ್ರೆ ಗಾಡಿ ಹಂಗೆ ಕಾಣ್ತಿದೀಯ" ಅಂದರು. ಅದು ನನಗೆ ಕಾಣುವುದಿಲ್ಲವಲ್ಲ, ಇರಲಿ ಅಂತ ಸುಮ್ಮನಾದೆ. ಕ್ಯಾಮೆರಾ ಆನ್ ಮಾಡಿ ಅಂದ ದಿನ ಕಂಡಿತು.

7.1 ಸರೌಂಡ್ ಅಂತ ಬೇರೆ ಇತ್ತು, ಅಂದರೆ ಸುತ್ತಲೂ ಎಂಟು ಸ್ಪೀಕರು ಇಟ್ಟ ಹಾಗೆ. ಬಿಚ್ಚಿ ನೋಡಿದರೆ ಕಿವಿಗೊಂದರಂತೆ ಇರುವುದು ಎರಡೇ ಸ್ಪೀಕರು. ಉಳಿದದ್ದೆಲ್ಲ ಸಾಫ್ಟ್‌ವೇರಿನ ಲೆಕ್ಕಾಚಾರ. ಕೌಂಟರ್ ಸ್ಟ್ರೈಕ್ 2, ವ್ಯಾಲರಂಟ್‌ನಂತಹ ಆಟಗಳು ಆ ಲೆಕ್ಕವನ್ನು ತಾವೇ ಮಾಡಿ ಹೆಡ್‌ಫೋನಿಗೆ ಬೇಕಾದ ಹಾಗೆ ಸದ್ದು ಕೊಡುತ್ತವೆ, ಎಚ್‌ಆರ್‌ಟಿಎಫ್ ಅನ್ನುತ್ತಾರೆ ಅದಕ್ಕೆ. ಅದರ ಮೇಲೆ ಇದನ್ನೂ ಹಚ್ಚಿದರೆ ಸಾರಿಗೆ ಎರಡು ಸಲ ಉಪ್ಪು ಹಾಕಿದ ಹಾಗೆ. ಹಿಂದೆ ಬಂದವನು ಮುಂದೆ ಬಂದ ಹಾಗೆ ಕೇಳುತ್ತಿದ್ದ. 7.1 ಆಫ್ ಮಾಡಿದ ಮೇಲೆಯೇ ನನಗೆ ದಿಕ್ಕು ಸಿಕ್ಕಿದ್ದು.

ಅದನ್ನು ಆಫ್ ಮಾಡುವುದಕ್ಕೂ ಆ ಕಂಪನಿಯ ಸಾಫ್ಟ್‌ವೇರ್ ಬೇಕು. ಮನೆಯ ಪಿಸಿಯಲ್ಲಿ ಹಾಕಬಹುದು, ಆಫೀಸ್ ಲ್ಯಾಪ್‌ಟಾಪಿನಲ್ಲಿ ಹೇಗೆ ಹಾಕುವುದು? ಕ್ಯಾಲ್ಕುಲೇಟರ್ ಬಿಟ್ಟು ಇನ್ನೇನು ಇನ್‌ಸ್ಟಾಲ್ ಮಾಡಬೇಕಾದರೂ ಐಟಿಯವರಿಗೆ ಟಿಕೆಟ್ ಹಾಕಬೇಕು. "ಬಿಸಿನೆಸ್ ಜಸ್ಟಿಫಿಕೇಶನ್" ಅನ್ನುವ ಕಾಲಂನಲ್ಲಿ ಏನು ಬರೆಯಲಿ, ಎಡಗಡೆಯಿಂದ ಬರುವ ಶತ್ರು ಅಂತಲೇ? ಆಫೀಸು, ಆಟ ಎರಡಕ್ಕೂ ಒಂದೇ ಹೆಡ್‌ಸೆಟ್ ಬೇಕು ಅನ್ನುವವರು ಇದನ್ನು ಮರೆಯುತ್ತಾರೆ. ಚುಚ್ಚಿದ ಕೂಡಲೇ, ಏನೂ ಇನ್‌ಸ್ಟಾಲ್ ಮಾಡದೆ, ಪೂರ್ತಿ ಕೆಲಸ ಮಾಡಬೇಕು. ಮ್ಯೂಟ್ ಬಟನ್ನು ಸಾಫ್ಟ್‌ವೇರಿನಲ್ಲಲ್ಲ, ವಯರಿನ ಮೇಲೆ ಇರಬೇಕು, ನೋಡದೆ ಬೆರಳಿಗೆ ಸಿಗಬೇಕು. ಕರು ಹಗ್ಗ ಬಿಚ್ಚಿಕೊಂಡು ತೋಟಕ್ಕೆ ನುಗ್ಗಿದಾಗ ಅಮ್ಮ ಹಾಕುವ ಕೂಗು ಕ್ಲೈಂಟ್ ಕಾಲ್‌ನಲ್ಲಿ ಹೋಗಬಾರದು. ಒಂದು ಸಲ ಹೋಗಿದೆ.

ಆ ಗೇಮಿಂಗ್ ಹೆಡ್‌ಸೆಟ್ಟನ್ನು ಕೊನೆಗೆ ಬಿಟ್ಟಿದ್ದು ಕನ್ನಡಕಕ್ಕಾಗಿ. ದೀಪ, ಪ್ಲಾಸ್ಟಿಕ್ಕು ಎಲ್ಲ ಸೇರಿ ಅದು ಅಡುಗೆಮನೆ ತಕ್ಕಡಿಯಲ್ಲಿ 380 ಗ್ರಾಂ ತೂಗಿತು. ಲಾಜಿಟೆಕ್‌ನ ಜಿ435 ಅನ್ನುವ ಹೆಡ್‌ಸೆಟ್ 165 ಗ್ರಾಂ ಮಾತ್ರ, ಅದಕ್ಕೆ ಕಡ್ಡಿ ಮೈಕಿಲ್ಲ, ಆ ಮಾತು ಬೇರೆ. ತೂಕಕ್ಕಿಂತ ನನ್ನದು ತಲೆಯನ್ನು ಒತ್ತುವ ಬಿಗಿ ನನಗೆ ಆಗಲಿಲ್ಲ. ಕಾಲು ಗಂಟೆ ಏನೂ ಅನ್ನಿಸುವುದಿಲ್ಲ, ಒಂದೂವರೆ ಗಂಟೆಯ ಮೀಟಿಂಗ್ ಮುಗಿಯುವಷ್ಟರಲ್ಲಿ ಕನ್ನಡಕದ ಕಡ್ಡಿ ಕಿವಿಯ ಹಿಂದಿನ ಮೂಳೆಗೆ ಕಚ್ಚಿಕೊಂಡಿರುತ್ತದೆ. ರಾತ್ರಿಯಿಡೀ ದಪ್ಪ ಪುಸ್ತಕಗಳಿಗೆ ಸಿಕ್ಕಿಸಿ ಅಗಲಿಸಿ ನೋಡಿದೆ. ಸ್ವಲ್ಪ ಸಡಿಲಾಯಿತು, ಸಾಲಲಿಲ್ಲ.

ಮೂರನೆಯದನ್ನು ಆನ್‌ಲೈನಲ್ಲಿ ತರಿಸಲಿಲ್ಲ. ಶಿವಮೊಗ್ಗಕ್ಕೆ ಹೋಗಿ ಕನ್ನಡಕ ಹಾಕಿಕೊಂಡೇ ಅಂಗಡಿಯಲ್ಲಿ ಇಪ್ಪತ್ತು ನಿಮಿಷ ತಲೆ ಮೇಲೆ ಇಟ್ಟುಕೊಂಡು ಓಡಾಡಿದೆ. ಅಂಗಡಿ ಹುಡುಗ ಎರಡು ಸಲ ಬಂದು "ತಗೊಳ್ತೀರಾ ಅಣ್ಣ?" ಅಂದ. ಅವನ ಫೋನಿಗೇ ಪಿನ್ನು ಚುಚ್ಚಿ, ರಸ್ತೆ ಕಡೆ ಬಾಗಿಲು ತೆಗೆಸಿ, ಒಂದು ನಿಮಿಷ ಮಾತಾಡಿ ರೆಕಾರ್ಡ್ ಮಾಡಿದೆ. ಕೇಳಿ ನೋಡಿದರೆ ನನ್ನ ಮಾತು ಹತ್ತಿರ, ಬಸ್ಸಿನ ಹಾರನ್ನು ದೂರ. ಅಷ್ಟು ಸಾಕಿತ್ತು. ಮೂರು ಸಾವಿರದ ಇನ್ನೂರು. ಬಟ್ಟೆಯ ಮೆತ್ತೆ, ಬಿಚ್ಚಿಡಬಹುದಾದ ಕಡ್ಡಿ ಮೈಕು, 3.5 ಎಂಎಂ ಪಿನ್ನು. ದೀಪ ಇಲ್ಲ.

ಮನೆಗೆ ತಂದು ಲ್ಯಾಪ್‌ಟಾಪಿಗೆ ಚುಚ್ಚಿದೆ. ಮಾರನೇ ದಿನ ಮ್ಯಾನೇಜರು, "ಈವತ್ತು ಬೋಂಡ ಇಲ್ಲ, ಆದ್ರೆ ಜೇನುಹುಳ ಇದೆ" ಅಂದರು.

ಕರೆಂಟು ಹೋಗಿ ಇನ್ವರ್ಟರ್ ಮೇಲೆ ಓಡುತ್ತಿದ್ದ ದಿನ ಅದು. ಚಾರ್ಜರ್ ಕಿತ್ತರೆ ಗುಂಯ್ ನಿಲ್ಲುತ್ತದೆ, ಚುಚ್ಚಿದರೆ ಶುರು. ನಮ್ಮ ಮನೆಯ ಅರ್ತಿಂಗು ಅಜ್ಜನ ಕಾಲದ್ದು. ಮೈಕಿನಿಂದ ಬರುವ ಸಿಗ್ನಲ್ಲೋ ಬಲು ಸಣ್ಣದು, ದಾರಿಯಲ್ಲಿ ಸಿಕ್ಕಿದ ಗುಂಯ್‌ಗುಟ್ಟುವಿಕೆಯನ್ನೆಲ್ಲ ಹೊತ್ತುಕೊಂಡು ಬರುತ್ತದೆ. ಬೆರಳುದ್ದದ ಒಂದು ಯುಎಸ್‌ಬಿ ಸೌಂಡ್ ಕಾರ್ಡ್ ತಂದು ನಡುವೆ ಹಾಕಿದ ಮೇಲೆ ನಮ್ಮ ಮನೆಯಲ್ಲಿ ಅದು ಹೋಯಿತು. ನಿಮ್ಮಲ್ಲಿ ಹೋಗುತ್ತದೆ ಅಂತ ಬರೆದುಕೊಡಲಾರೆ, ಎಲೆಕ್ಟ್ರಿಷಿಯನ್ ಕರೆಸಿ ಅರ್ತಿಂಗ್ ನೋಡಿಸುವುದೇ ಸರಿ. ಆದರೆ ಈ ತುಂಡಿನಿಂದ ಇನ್ನೊಂದು ಉಪಕಾರವಾಯಿತು. ಪಿಸಿಯ ಹಿಂದೆ ಮೈಕಿಗೆ ಬೇರೆ ತೂತು, ಸ್ಪೀಕರಿಗೆ ಬೇರೆ ತೂತು ಇರುತ್ತದಲ್ಲ, ಅದಕ್ಕಾಗಿ ಕವಲಿನ ವಯರು ಹುಡುಕುವುದು ತಪ್ಪಿತು. ಸಂಜೆ ಏಳಕ್ಕೆ ಲ್ಯಾಪ್‌ಟಾಪಿನಿಂದ ಕಿತ್ತು ಪಿಸಿಗೆ ಚುಚ್ಚುವುದು, ಅಷ್ಟೇ.

ಮೈಕನ್ನು ಬಾಯಿಗೆ ನೇರ ಇಟ್ಟುಕೊಳ್ಳಬೇಡಿ. ತುಟಿಯ ಮೂಲೆಗೆ ಇರಲಿ. ಇಲ್ಲದಿದ್ದರೆ 'ಪ'ಕಾರ ಬಂದಾಗಲೆಲ್ಲ ಆ ಕಡೆಯವರ ಕಿವಿಗೆ ಊದಿದ ಹಾಗಾಗುತ್ತದೆ. ನಮ್ಮ ಪ್ರಾಜೆಕ್ಟ್ ಹೆಸರಿನಲ್ಲೇ ಎರಡು 'ಪ' ಇದೆ.

ಮಲೆನಾಡಿನವರಿಗೆ ಒಂದು ಮಾತು: ಚರ್ಮದ ಹಾಗೆ ಕಾಣುವ ಮೆತ್ತೆ ಇರುವುದನ್ನು ತಗೊಂಡರೆ ಮಳೆಗಾಲದಲ್ಲಿ ಅದಕ್ಕೆ ಬೂಷ್ಟು ಹಿಡಿಯುತ್ತದೆ, ಎರಡನೇ ವರ್ಷಕ್ಕೆ ಸಿಪ್ಪೆ ಏಳುತ್ತದೆ. ಕಿವಿಯ ಸುತ್ತ ಕರೀ ಚೂರು ಅಂಟಿಸಿಕೊಂಡು ಊಟಕ್ಕೆ ಕೂರಬೇಕು. ಬಟ್ಟೆಯದರಲ್ಲಿ ಹೊರಗಿನ ಸದ್ದು ಸ್ವಲ್ಪ ಹೆಚ್ಚು ನುಗ್ಗುತ್ತದೆ, ಆದರೆ ಒಲೆ ಪಕ್ಕ ಇಟ್ಟರೆ ಒಣಗುತ್ತದೆ. ಮಳೆ ನನಗೂ ಈಗ ಕೇಳುತ್ತದೆ. ಜೋರಾದರೆ ಮಾತಾಡುವ ಮುಂಚೆಯೇ "ಮಳೆ ಬರ್ತಿದೆ ಸಾರ್" ಅನ್ನುತ್ತೇನೆ.

ದೀಪದ್ದನ್ನು ಚಿಕ್ಕಪ್ಪನ ಮಗ ಒಯ್ದ. ಹದಿನೆಂಟು ಸಾವಿರದ್ದು ಅಪ್ಪನ ಪಾಲಾಯಿತು. ಅಡಿಕೆ ಸುಲಿಯುವ ಮಷಿನ್ ಅಂಗಳಕ್ಕೆ ಬಂತೆಂದರೆ ಬೆಳಗಿಂದ ಸಂಜೆವರೆಗೆ ಒಂದೇ ಸಮ ಗುರ್ ಅನ್ನುತ್ತಿರುತ್ತದೆ. ಎಎನ್‌ಸಿಗೆ ಹೇಳಿ ಮಾಡಿಸಿದ ಸದ್ದು. ಅಪ್ಪ ಜಗಲಿಯ ಮೂಲೆಯಲ್ಲಿ ಅದನ್ನು ಹಾಕಿಕೊಂಡು ಫೋನಿನಲ್ಲಿ ತಾಳಮದ್ದಳೆ ಕೇಳುತ್ತಾ ಕೂಲಿ ಲೆಕ್ಕ ಬರೆಯುತ್ತಾರೆ. ಮೈಕು ಬೇಕಿಲ್ಲ, ಲ್ಯಾಗಿನ ಚಿಂತೆಯಿಲ್ಲ. ಊಟಕ್ಕೆ ಬನ್ನಿ ಅಂತ ಅಮ್ಮ ಎಷ್ಟು ಕೂಗಿದರೂ ಕೇಳುವುದಿಲ್ಲ. ಈಗ ಅಮ್ಮ ಅಡುಗೆಮನೆಯಿಂದ ಅವರ ಫೋನಿಗೇ ರಿಂಗ್ ಮಾಡುತ್ತಾರೆ. ಅರ್ಥಧಾರಿಯ ಮಾತು ಅರ್ಧಕ್ಕೆ ನಿಂತು, ಅಮ್ಮನ ದನಿ ನೇರ ಕಿವಿಯೊಳಗೆ ಬರುತ್ತದೆ. ಬಾವಿಯಿಂದ ಬಂದ ಹಾಗೆ.