ಕಾಣಿಕೆಯನ್ನು ಅಲ್ಲಿಯೇ ಬಿಟ್ಟು

ಈ ಸಂಜೆ ಮನೆಯ ಪ್ರಾರ್ಥನೆಯಲ್ಲಿ ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯವನ್ನು ಓದಿದೆವು. ಸಹೋದರನಿಗೆ ನಿನ್ನ ಮೇಲೆ ಮನಸ್ತಾಪವಿದೆಯೆಂದು ಯಜ್ಞವೇದಿಯ ಬಳಿಯಲ್ಲಿ ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಹೋಗಿ ಅವನೊಡನೆ ಒಂದಾಗಬೇಕೆಂದು ಕರ್ತನಾದ ಯೇಸು ಅಲ್ಲಿ ಹೇಳುತ್ತಾನೆ. ಗಲಿಲಾಯದಲ್ಲಿ ಈ ಮಾತನ್ನು ಕೇಳಿದವರಿಗೆ ಯಜ್ಞವೇದಿಯಿದ್ದದ್ದು ಹಲವು ದಿನಗಳ ಕಾಲ್ನಡಿಗೆಯಾಚೆಯ ಯೆರೂಸಲೇಮಿನ ದೇವಾಲಯದಲ್ಲಿ ಎಂಬುದನ್ನು ನೆನೆದರೆ, ಆ ಆಜ್ಞೆಯ ಭಾರ ಎಷ್ಟೆಂದು ತಿಳಿಯುತ್ತದೆ.

ಓದುವುದರಲ್ಲಿ ನಾವು ಹಿಂದುಳಿದವರಲ್ಲ. ಅಪೊಸ್ತಲನಾದ ಪೌಲನ ಬೋಧನೆಯನ್ನು ಸಹ ದಿನದಿನವೂ ಶಾಸ್ತ್ರದೊಡನೆ ಹೋಲಿಸಿ ನೋಡಿದ ಬೆರೋಯ ಪಟ್ಟಣದವರನ್ನು ಮೆಚ್ಚಿ ಪ್ರಸಂಗ ಮಾಡುತ್ತೇವೆ. ಆದರೆ ಆಸ್ತಿಯ ಪಾಲಿನಲ್ಲಿ ಮುನಿಸಿಕೊಂಡ ಅಣ್ಣತಮ್ಮಂದಿರು ಒಂದೇ ಸಭೆಯಲ್ಲಿ ಬೇರೆ ಬೇರೆ ಬೆಂಚುಗಳಲ್ಲಿ ಕುಳಿತು, ಮಾತಿಲ್ಲದೆ ವರ್ಷಗಟ್ಟಲೆ ಕರ್ತನ ಭೋಜನದಲ್ಲಿ ಪಾಲ್ಗೊಳ್ಳುವುದನ್ನು ಕಂಡಾಗ ನನ್ನ ಮನಸ್ಸು ನೋಯುತ್ತದೆ. ವಾಕ್ಯವನ್ನು ಕೇಳುವವರಾಗಿ ಮಾತ್ರ ಇರದೆ ಅದರಂತೆ ನಡೆಯುವವರಾಗಬೇಕೆಂದು ಯಾಕೋಬನು ತನ್ನ ಪತ್ರಿಕೆಯಲ್ಲಿ ಬರೆದದ್ದು ಇಂಥ ಸಭೆಗಳಿಗೇ ಅಲ್ಲವೇ?

ಪ್ರಾರ್ಥನೆಯ ಅಗತ್ಯ ಬೀಳುವುದೂ ಇಲ್ಲಿಯೇ. ಬಂಧನಕ್ಕೆ ಮುಂಚಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು, ತನ್ನ ಚಿತ್ತವಲ್ಲ, ತಂದೆಯ ಚಿತ್ತವೇ ಆಗಲೆಂದು ಬೇಡಿಕೊಂಡನು. ಅದೇ ಮಾತನ್ನು ಮೂರು ಸಾರಿ ಪ್ರಾರ್ಥಿಸಿದನೆಂದು ಮತ್ತಾಯನು ಬರೆಯುತ್ತಾನೆ. ವಿಧೇಯತೆ ಆತನಿಗೇ ಅಷ್ಟು ಕಠಿಣವಾಗಿತ್ತೆಂದ ಮೇಲೆ, ನಮಗೆ ಒಂದೇ ದಿನದಲ್ಲಿ ಮನಸ್ಸು ಬಾರದಿದ್ದರೆ ಎದೆಗುಂದಬೇಕಾಗಿಲ್ಲ. ಪ್ರಿಯರೇ, ದಿನಕ್ಕೊಂದು ಅಧ್ಯಾಯ ಓದಲಾಗದಿದ್ದರೆ ಕೆಲವೇ ವಚನಗಳನ್ನು ಓದಿರಿ, ಮನಸ್ಸನ್ನು ಚುಚ್ಚಿದ ವಚನವನ್ನೇ ಪ್ರಾರ್ಥನೆಯಾಗಿಸಿರಿ, ಮತ್ತು ಮುಂದಿನ ಭಾನುವಾರದ ಆರಾಧನೆಗೆ ಮೊದಲೇ ಆ ಅಣ್ಣನ ಮನೆಗೆ ಹೋಗಿ ಬನ್ನಿರಿ.