ಆಡಿದ್ದು ಅವರು, ಗೆದ್ದದ್ದು ಮಾತ್ರ ‘ನಾವು’ ಹೇಗೆ?

ಮನಶ್ಶಾಸ್ತ್ರ ಪಾಠ ಮಾಡುವವನೆಂದು ತಿಳಿದೊಡನೆ ಬಹಳ ಮಂದಿ ನನ್ನನ್ನು ಕೇಳುವ ಪ್ರಶ್ನೆಯಿದು: ಒಂದು ದಿನವೂ ಮೈದಾನಕ್ಕಿಳಿಯದ ಅಭಿಮಾನಿ ತನ್ನ ತಂಡ ಗೆದ್ದಾಗ ‘ನಾವು ಗೆದ್ದೆವು’ ಎಂದು ಬೀಗುವುದೇಕೆ? ಕೇಳುವವರ ದನಿಯಲ್ಲಿ ಸಾಮಾನ್ಯವಾಗಿ ಒಂದಿಷ್ಟು ಕುಹಕವಿರುತ್ತದೆ. ಆದರೆ ಆ ಅಭಿಮಾನಿ ಅವಿವೇಕಿಯೇನಲ್ಲ. ‘ನಾನು ಯಾರು’ ಎಂಬುದಕ್ಕೆ ನಾವೆಲ್ಲ ಕೊಟ್ಟುಕೊಳ್ಳುವ ಉತ್ತರದ ಒಂದು ಪಾಲು ನಾವು ಸೇರಿದ ಗುಂಪುಗಳಿಂದಲೇ ಬರುತ್ತದೆ ಎಂಬುದು ಮನಶ್ಶಾಸ್ತ್ರಜ್ಞರಾದ ಹೆನ್ರಿ ತಾಜ್ಫೆಲ್ ಮತ್ತು ಜಾನ್ ಟರ್ನರ್ 1979ರಲ್ಲಿ ಮಂಡಿಸಿದ ಸಿದ್ಧಾಂತದ ತಿರುಳು.

ಕ್ರೀಡಾಭಿಮಾನಿಗಳ ವಿಷಯದಲ್ಲಿ ಇದನ್ನು ಸರಳವಾಗಿ ತೋರಿಸಿಕೊಟ್ಟವರು ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು. 1976ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಅಮೆರಿಕದ 7 ವಿಶ್ವವಿದ್ಯಾಲಯಗಳ ತರಗತಿಗಳಲ್ಲಿ ಸೋಮವಾರದಂದು ತಮ್ಮ ಸಂಸ್ಥೆಯ ಹೆಸರೋ ಲಾಂಛನವೋ ಇರುವ ಉಡುಪು ತೊಟ್ಟು ಬಂದವರನ್ನು ಎಣಿಸಲಾಯಿತು. ವಾರಾಂತ್ಯದ ಫುಟ್‌ಬಾಲ್ ಪಂದ್ಯ ಗೆದ್ದಿದ್ದರೆ ಅಂಥವರ ಸಂಖ್ಯೆ ಹೆಚ್ಚಿರುತ್ತಿತ್ತು. ಅದಕ್ಕಿಂತ ನನಗೆ ಮುಖ್ಯವೆನಿಸುವುದು ಅದೇ ಅಧ್ಯಯನದ ಇನ್ನೊಂದು ಭಾಗ. ವಿದ್ಯಾರ್ಥಿಗಳಿಗೆ ದೂರವಾಣಿಯಲ್ಲಿ ಕೆಲವು ಪ್ರಶ್ನೆ ಕೇಳಿ, ಅವರ ಉತ್ತರ ಹೇಗೇ ಇರಲಿ, ಕೆಲವರಿಗೆ ಚೆನ್ನಾಗಿ ಉತ್ತರಿಸಿದಿರೆಂದೂ ಉಳಿದವರಿಗೆ ಉತ್ತರ ಸಾಲದೆಂದೂ ಹೇಳಿ, ಬಳಿಕ ಒಂದು ಪಂದ್ಯದ ಫಲಿತಾಂಶ ವಿವರಿಸಲು ಕೇಳಿದರು. ‘ಸಾಲದು’ ಎನ್ನಿಸಿಕೊಂಡವರಲ್ಲಿ ಗೆದ್ದ ಪಂದ್ಯಕ್ಕೆ ‘ನಾವು’ ಎಂದವರು ನೂರಕ್ಕೆ 40, ಗೆಲ್ಲದ ಪಂದ್ಯಕ್ಕೆ ಹಾಗೆಂದವರು 14. ಹೊಗಳಿಕೆ ಕೇಳಿದವರಲ್ಲಿ ಈ ಅಂತರ ಇಲ್ಲವೆನ್ನುವಷ್ಟು ಕಡಿಮೆ. ಮುಖಭಂಗವಾದವರೇ ಗೆದ್ದವರ ಪಕ್ಕದಲ್ಲಿ ಹೋಗಿ ನಿಲ್ಲಲು ಹೆಚ್ಚು ಹವಣಿಸುತ್ತಾರೆ. (ಸೋತಾಗ ‘ಅವರು ಸೋತರು’ ಎಂದು ಕೈತೊಳೆದುಕೊಳ್ಳುವ ಅನುಕೂಲವೂ ಇದೆ, ಕಟ್ಟಾ ಅಭಿಮಾನಿಗೆ ಆ ದಾರಿ ಮುಚ್ಚಿರುವುದರಿಂದ ಅವನು ರೆಫರಿಯನ್ನು ಬೈಯುತ್ತಾನೆ.)

ಈ ‘ನಾವು’ ಎಂಬುದರ ಎಲ್ಲೆ ಸ್ಥಿರವಲ್ಲ. ಇಂಗ್ಲೆಂಡಿನಲ್ಲಿ ಮಾರ್ಕ್ ಲೆವಿನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಓಡುತ್ತ ಬಂದವನೊಬ್ಬ ಮ್ಯಾಂಚೆಸ್ಟರ್ ಯುನೈಟೆಡ್ ಅಭಿಮಾನಿಗಳ ಕಣ್ಣೆದುರೇ ಜಾರಿಬಿದ್ದು ನೋವಿನಿಂದ ನರಳುವಂತೆ ನಟಿಸುತ್ತಾನೆ. ಅವರ ತಂಡದ ಅಂಗಿ ತೊಟ್ಟಿದ್ದಾಗ ಬಹುಮಟ್ಟಿಗೆ ನೆರವು ಸಿಕ್ಕಿತು. ಎದುರಾಳಿ ಲಿವರ್‌ಪೂಲ್‌ನ ಅಂಗಿಗೆ ಅಷ್ಟು ಸಿಗಲಿಲ್ಲ. ಆದರೆ ‘ನೀವು ಫುಟ್‌ಬಾಲ್ ಪ್ರೇಮಿಗಳು’ ಎಂಬ ಗುರುತನ್ನು ಮೊದಲೇ ಮನಸ್ಸಿಗೆ ತಂದುಕೊಟ್ಟಾಗ ಲಿವರ್‌ಪೂಲ್ ಅಂಗಿಯವನಿಗೂ ನೆರವು ದೊರೆಯಿತು, ಯಾವ ತಂಡದ ಗುರುತೂ ಇಲ್ಲದವನಿಗೆ ಮಾತ್ರ ಅಷ್ಟು ಸಿಗಲಿಲ್ಲ.

ಇಷ್ಟು ಹೇಳಿದ ಮೇಲೆ ಎರಡನೆಯ ಪ್ರಶ್ನೆ ಬಂದೇ ಬರುತ್ತದೆ: ‘ಅದು ಸರಿ, ಆಟದಲ್ಲಿ ಮುಂದಿರುವವರು ಓದಿನಲ್ಲಿ ಹಿಂದಲ್ಲವೇ?’ ಎಲ್ಲೆ ಎಷ್ಟು ಬೇಗ ಸರಿಯುತ್ತದೆ ಎಂಬುದು ಈ ಪ್ರಶ್ನೆಯಲ್ಲೇ ಕಾಣುತ್ತದೆ. ಮೈದಾನದಲ್ಲಿ ‘ನಮ್ಮ ಹುಡುಗ’ನಾಗಿದ್ದವನು ತರಗತಿಯಲ್ಲಿ ‘ಆ ಆಟದವರಲ್ಲೊಬ್ಬ’ನಾಗುತ್ತಾನೆ. ಅಭ್ಯಾಸ, ಪ್ರಯಾಣಗಳು ಓದಿನ ಹೊತ್ತನ್ನು ನುಂಗುತ್ತವೆ, ನಿಜ. ಆದರೆ ‘ಆಟದವರು ಓದಿನಲ್ಲಿ ಹಿಂದೆ’ ಎಂಬ ಪೂರ್ವಗ್ರಹವೂ ತನ್ನ ಕೆಲಸ ಮಾಡುತ್ತದೆಂದು ನನ್ನ ಅನಿಸಿಕೆ. ಯೋಪಿಕ್ ಮತ್ತು ಪ್ರೆಂಟಿಸ್ 2005ರಲ್ಲಿ ವರದಿ ಮಾಡಿದಂತೆ, ಆಡುತ್ತಲೇ ಓದುವ ವಿದ್ಯಾರ್ಥಿಗಳಲ್ಲಿ, ಗಣಿತ ಪರೀಕ್ಷೆಗೆ ಮುನ್ನ ‘ನೀವು ಕ್ರೀಡಾಪಟು’ ಎಂಬುದನ್ನು ನೆನಪಿಸಿಕೊಂಡವರು ‘ನೀವು ವಿದ್ಯಾರ್ಥಿ’ ಎಂಬುದನ್ನು ನೆನಪಿಸಿಕೊಂಡವರಿಗಿಂತ ಕಡಿಮೆ ಅಂಕ ಪಡೆದರು. ಇಂಥ ಪರಿಣಾಮಗಳು ಎಷ್ಟು ದೊಡ್ಡವು ಎಂಬ ಬಗ್ಗೆ ಸಂಶೋಧಕರಲ್ಲಿ ಈಗಲೂ ತಕರಾರಿದೆಯಾದ್ದರಿಂದ ನಾನು ಇದೊಂದನ್ನೇ ನೆಚ್ಚಿಕೊಳ್ಳುವುದಿಲ್ಲ. ಆದರೂ ಪರೀಕ್ಷೆಯ ದಿನ ‘ತಂಡದವರು ಯಾರ್ಯಾರು, ಎದ್ದು ನಿಲ್ಲಿ’ ಎಂದು ಎಲ್ಲರೆದುರು ಕೂಗುವ ಅಧ್ಯಾಪಕರು, ಆ ವಿಚಾರಣೆಯನ್ನು ಬರೆದ ಉತ್ತರಪತ್ರಿಕೆ ತಮ್ಮ ಕೈಸೇರಿದ ಮೇಲೆ ಇಟ್ಟುಕೊಂಡರೆ ಅವರಿಗೇನೂ ನಷ್ಟವಿಲ್ಲ.