ಚಹಾದಾಗ ಹನಿ ಹಾಕುವ ಮುನ್ನ

“ಗುಳಿಗಿ ಒಲ್ಲೆ ಅಂತಾನ್ರಿ ಡಾಕ್ಟ್ರ, ಚಹಾದಾಗ ಹಾಕೋ ಹನಿ ಬರದು ಕೊಡ್ರಿ.” ಹುಬ್ಬಳ್ಳಿ-ಧಾರವಾಡದ ಮನೋವೈದ್ಯರ ಕಿವಿಗೆ ಹಳೆಯದಾದ ಮಾತು. ಹಾಗೆ ಕೇಳುವ ತಾಯಿ ಎಷ್ಟೋ ರಾತ್ರಿ ನಿದ್ದೆಗೆಟ್ಟಿರುತ್ತಾಳೆ, ಆಕೆಯನ್ನು ಗದರಿಸಬಾರದು. ಹಾಗಂತ ರೋಗಿಗೆ ಗೊತ್ತಾಗದಂತೆ ಹಾಕುವ ಔಷಧ ಬರೆದುಕೊಡುವುದೂ ಸರಿಯಲ್ಲ.

ಭ್ರಮೆಯಂಥ ಮನೋರೋಗಕ್ಕೆ ಕೊಡುವ ರಿಸ್ಪೆರಿಡೋನ್ ದ್ರಾವಣ ನೀರು, ಕಾಫಿಗೆ ಹೊಂದುತ್ತದೆ, ಚಹಾಕ್ಕೆ ಹೊಂದುವುದೇ ಇಲ್ಲ. ಅದೂ ಅರ್ಧ ಕಪ್ ಕುಡಿದು ಎದ್ದರೆ ಹೊಟ್ಟೆಗೆ ಹೋದದ್ದೆಷ್ಟು? 2 ಮಿಲಿಗ್ರಾಂ ಸಾಲಲಿಲ್ಲವೆಂದು ವೈದ್ಯರು 4ಕ್ಕೆ ಏರಿಸುತ್ತಾರೆ. ಅವನು ಅಂದು ಪೂರ್ತಿ ಕುಡಿಯುತ್ತಾನೆ. ಔಷಧದ ಅಡ್ಡಪರಿಣಾಮದಿಂದ ಕುತ್ತಿಗೆ ಒಂದು ಬದಿಗೆ ಸೆಟೆದು, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳಬಹುದು. ಪ್ರೊಮೆಥಜಿನ್ ಇಂಜೆಕ್ಷನ್‌ಗೆ ಇಳಿಯುವ ತೊಂದರೆಯೇ ಇದು. ಆದರೆ ತುರ್ತು ವಿಭಾಗದಲ್ಲಿ “ಏನ್ ಔಷಧ ತೊಗೊಂಡೀರಿ?” ಎಂದರೆ “ಏನೂ ಇಲ್ರಿ” ಅನ್ನುತ್ತಾನೆ. ಅವನಿಗೆ ಗೊತ್ತೇ ಇಲ್ಲವಲ್ಲ!

“ಊಟದಾಗ ವಿಷ ಹಾಕ್ಯಾರ” ಎಂಬ ಭ್ರಮೆ ಇರುವವನಿಗೆ ಸಾರಿನ ತಳದಲ್ಲಿ ಬಿಳಿ ಪುಡಿ ಕಂಡರಂತೂ ಮುಗಿಯಿತು, ಆಮೇಲೆ ಮನೆಯವರನ್ನೂ ನಂಬುವುದಿಲ್ಲ, ವೈದ್ಯರನ್ನೂ ನಂಬುವುದಿಲ್ಲ.

ಕುಡಿತ ಬಿಡಿಸಲು ಡೈಸಲ್ಫಿರಾಮ್ ಕದ್ದು ಹಾಕುವುದು ಜೀವಕ್ಕೇ ಅಪಾಯ. ಕುಡಿದ 10ರಿಂದ 30 ನಿಮಿಷದೊಳಗೆ ಮುಖ ಕೆಂಪೇರಿ, ಎದೆ ಬಡಿದುಕೊಂಡು, ವಾಂತಿಯಾಗಿ ರಕ್ತದೊತ್ತಡ ಕುಸಿಯಬಹುದು. ಗುಳಿಗೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಈ ಭಯ ತಪ್ಪಿದ್ದಲ್ಲ.

ಮತ್ತೇನು ಮಾಡಬೇಕು? ಮೊದಲು ಮನೆಯವರನ್ನು ಹೊರಗೆ ಕೂಡಿಸಿ ರೋಗಿಯೊಂದಿಗೆ ಹತ್ತು ನಿಮಿಷ ಮಾತಾಡಬೇಕು. ಕಾಯಿಲೆ ಇಲ್ಲವೆನ್ನುವವನೂ “ನಿದ್ದಿ ಬರೂದಿಲ್ರಿ” ಅಂತ ಒಪ್ಪುವುದುಂಟು, ಚಿಕಿತ್ಸೆಯ ಮಾತು ಅಲ್ಲಿಂದಲೇ ಶುರುವಾಗಲಿ. ದಿನಾ ಗುಳಿಗೆ ಬೇಡವೆಂದರೆ, ಅವನು ಒಪ್ಪಿದ ಮೇಲೆ, ಕೆಲವು ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್ ಇದೆ.

ತನಗೋ ಇತರರಿಗೋ ಅಪಾಯ ತರುವಷ್ಟು ಕೆಟ್ಟಿದ್ದರೆ, ಅವನು ಒಪ್ಪದಿದ್ದರೂ ಆಸ್ಪತ್ರೆಗೆ ದಾಖಲಿಸಲು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 89ನೇ ಕಲಂ ಇದೆ. ಒಬ್ಬ ಮನೋವೈದ್ಯರು, ಇನ್ನೊಬ್ಬ ಮಾನಸಿಕ ಆರೋಗ್ಯ ತಜ್ಞರು ಅಥವಾ ವೈದ್ಯರು ಬೇರೆಬೇರೆಯಾಗಿ ಪರೀಕ್ಷಿಸಬೇಕು. ರೋಗಿಯ ಪರವಾಗಿ ನಿಲ್ಲುವ ನಾಮನಿರ್ದೇಶಿತ ಪ್ರತಿನಿಧಿಯ ಅರ್ಜಿ ಬೇಕು. ದಾಖಲಾತಿ 30 ದಿನ ಮೀರುವಂತಿಲ್ಲ. ರೋಗಿಗಳ ಹಕ್ಕು ಕಾಯುವ ಪರಿಶೀಲನಾ ಮಂಡಳಿಗೆ 7 ದಿನದೊಳಗೆ, ಮಹಿಳೆ ಅಥವಾ ಅಪ್ರಾಪ್ತರಾದರೆ 3 ದಿನದೊಳಗೆ ತಿಳಿಸಬೇಕು. ಕಾಗದಪತ್ರ ಹೆಚ್ಚು, ನಿಜ. ಆದರೆ ಇಲ್ಲಿ ರೋಗಿ ಮಂಡಳಿಗೆ ದೂರು ಕೊಡಬಹುದು. ಚಹಾದ ಕಪ್ಪಿನ ವಿರುದ್ಧ ಯಾರಿಗೆ ದೂರು ಕೊಡಬೇಕು?

ಈಗಾಗಲೇ ಕದ್ದು ಕೊಡುತ್ತಿದ್ದರೆ ತಟಕ್ಕನೆ ನಿಲ್ಲಿಸಬೇಡಿ, ಕಾಯಿಲೆ ಮರುಕಳಿಸೀತು. ಯಾವುದು, ಎಷ್ಟು, ಎಂದಿನಿಂದ ಎಂದು ಚೀಟಿಯಲ್ಲಿ ಬರೆದು ವೈದ್ಯರಿಗೆ ತೋರಿಸಿ. ಅವನು ತುಸು ಸುಧಾರಿಸಿದ ದಿನ, ವೈದ್ಯರ ಎದುರಿನಲ್ಲೇ, ಅವನಿಗೂ ಹೇಳಿ.